ರಾಟ್ನದ ತೊಟ್ಟಿಲಲ್ಲಿ ಅಪ್ಪನ ಕ್ಯಾಮೆರಾ

ಅಣ್ಣ ಕೈಗಡಿಯಾರ ನೋಡಿ, "ನಾಲ್ಕೂ ನಲವತ್ತು. ಬೆಳಕು ಭರ್ಜರಿಯಾಗಿ ಅದೆ" ಅಂದ. ಅವನ ಮಾತು ಮುಗಿಯುವ ಮೊದಲೇ ಎಲ್ಲೋ ಆಳದಲ್ಲಿ ನೆಲ ಗುಡುಗಿತು. ನಾವು ಕುಳಿತಿದ್ದ ತೊಟ್ಟಿಲು ಒಮ್ಮೆ ನಡುಗಿತು. ಮರುಕ್ಷಣ ತೊಟ್ಟಿಲುಗಳನ್ನು ಹೊತ್ತ ದೊಡ್ಡ ಚಕ್ರ, ಆ ರಾಟ್ನ, ಗಕ್ಕನೆ ನಿಂತಿತು. ನಮ್ಮ ಮುಂದಿನ ತೊಟ್ಟಿಲು ನಮಗಿಂತ ಮೇಲೆ, ಹೆಚ್ಚುಕಡಿಮೆ ತುದಿಯಲ್ಲಿ, ಗಾಳಿಗೆ ಒಂಟಿಯಾಗಿ ತೂಗಾಡುತ್ತಿತ್ತು. ಅದರೊಳಗೆ ಮನುಷ್ಯರು ಯಾರೂ ಇರಲಿಲ್ಲ. ನಮ್ಮ ಅಪ್ಪನ ಕ್ಯಾಮೆರಾ ಇತ್ತು.

ಇದೆಲ್ಲ ಈಗ ಮತ್ತೆ ಕಣ್ಣಿಗೆ ಕಟ್ಟಿದ್ದಕ್ಕೆ ಕಾರಣ ನನ್ನ ಮೊಮ್ಮಗಳು. ಹೋದ ತಿಂಗಳು ಅವಳು ನನ್ನನ್ನು ಬೆಂಗಳೂರಿನ ಹೊರಗಿನ ಒಂದು ಆಟದ ಪಾರ್ಕಿಗೆ ಕರೆದುಕೊಂಡು ಹೋಗಿದ್ದಳು. ಅವಳ ಕೊರಳಲ್ಲಿ ಕುಂಬಳಕಾಯಿಯಂಥ ದೊಡ್ಡ ಕ್ಯಾಮೆರಾ. ಆಕಾಶಕ್ಕೇರಿ ತಲೆಕೆಳಗಾಗುವ ಒಂದು ಯಂತ್ರದ ಮುಂದೆ ಕಾವಲಿನವನು ಅವಳನ್ನು ತಡೆದು, "ಮೇಡಂ, ಕ್ಯಾಮೆರಾ ಬಿಟ್ಟು ಹೋಗಿ" ಅಂದ. ಅವಳು ಅದನ್ನು ನನ್ನ ಕೈಗೆ ಕೊಟ್ಟು, "ಅಜ್ಜಿ, ಜೋಪಾನ" ಎಂದು ಓಡಿದಳು. ನಾನು ಕಲ್ಲುಬೆಂಚಿನ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು, ಸೆರಗು ಸುತ್ತಿ, ಎರಡೂ ಕೈಯಲ್ಲಿ ತಬ್ಬಿ ಕುಳಿತೆ. ಅವಳು ಇಳಿದು ಬಂದು, "ಏನಜ್ಜಿ, ಮಗು ಎತ್ಕೊಂಡ ಹಾಗೆ ಕೂತಿದ್ದೀಯ!" ಎಂದು ನಕ್ಕಳು. ಹಾಗೆ ಹಿಡಿದುಕೊಳ್ಳುವುದನ್ನು ನಾನು ಕಲಿತದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಅರವತ್ತರ ದಶಕ ಆಗತಾನೇ ಶುರುವಾಗಿದ್ದ ಒಂದು ಚಳಿಗಾಲದಲ್ಲಿ.

ಆ ವರ್ಷ ನಾನು ಬಿ.ಎ. ಮುಗಿಸಿ ಬಂಗಾರಪೇಟೆಯ ಮನೆಗೆ ವಾಪಸು ಬಂದಿದ್ದೆ. ಮನೆಯೆಂದರೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮುಂಭಾಗ ಸ್ಟುಡಿಯೋ, ಹಿಂಭಾಗ ಅಡುಗೆಮನೆ, ನಡುವೆ ಅಮ್ಮನ ಹಳೆಯ ಸೀರೆಯ ಪರದೆ. ಅಪ್ಪ ತೀರಿಕೊಂಡಾಗ ಉಳಿದದ್ದು ಆ ಕ್ಯಾಮೆರಾ ಒಂದೇ. ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ಸೀಮೆಗೆ ಹೊರಟಾಗ ಅಪ್ಪನಿಗೆ ಕೊಟ್ಟು ಹೋಗಿದ್ದನಂತೆ. ತೇಗದ ಪೆಟ್ಟಿಗೆ, ಹಿತ್ತಾಳೆಯ ಮೂತಿ, ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವ ಕೆಂಪು ಚರ್ಮದ ಮೈ. ಫಿಲಂ ಸುರುಳಿಯಲ್ಲ, ಗಾಜಿನ ಪ್ಲೇಟು ಹಾಕಿ ಚಿತ್ರ ತೆಗೆಯಬೇಕು. ನಿಲ್ಲಿಸುವುದಕ್ಕೆ ಮರದ ಮೂರು ಕಾಲು. ಎಲ್ಲ ಸೇರಿದರೆ ಐದು ವರ್ಷದ ಮಗುವಿನಷ್ಟು ಭಾರ.

ಅಣ್ಣ ರಾಮಚಂದ್ರ ಓದು ಬಿಟ್ಟು ಆ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಕಾಮಸಮುದ್ರದಿಂದ ಗಣಿಯ ಕೋರಮಂಡಲ್‌ವರೆಗೆ ಯಾರ ಮನೆಯ ಮದುವೆಯಾದರೂ ಗಂಡು-ಹೆಣ್ಣನ್ನು ಅದರ ಮುಂದೆ ನಿಲ್ಲಿಸಿದ. ನನ್ನ ಕಾಲೇಜು, ಅಮ್ಮನ ಔಷಧಿ, ಮೂವರ ಮುದ್ದೆ ಎಲ್ಲವೂ ಆ ಹಿತ್ತಾಳೆ ಮೂತಿಯಿಂದಲೇ ಬಂದವು. ಅದು ಒಡೆದರೆ ಇನ್ನೊಂದು ಇರಲಿಲ್ಲ. ಅದಕ್ಕೇ ಅಮ್ಮ ಅದಕ್ಕೆ ಹಲವು ನೇಮ ಮಾಡಿದ್ದಳು. ಮೋಡ ಕಂಡರೆ ಹೊರಗೆ ಬರಬಾರದು, ಜಟಕಾದಲ್ಲಿ ಹಿಂದುಗಡೆ ಕೂರಬಾರದು, ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಅದರದೇ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಹೋಗಿಬರುವವರಿಗೆ ಇದು ಅಭ್ಯಾಸವಾಗಿತ್ತು. "ಎದ್ದೇಳ್ರಪ್ಪಾ, ಯಜಮಾನ್ರು ಬಂದ್ರು" ಎಂದು ಕ್ಯಾಮೆರಾಕ್ಕೆ ಜಾಗ ಬಿಡುತ್ತಿದ್ದರು. ನಮಗೆ ಬಿಡುತ್ತಿರಲಿಲ್ಲ.

ಡಿಸೆಂಬರ್ ಬಂದರೆ ಗಣಿಯ ಊರುಗಳಿಗೆ ಬೇರೆಯೇ ಕಳೆ. ಸಾಲುಮನೆಗಳ ಮುಂದೆ ಬಣ್ಣದ ಕಾಗದದ ನಕ್ಷತ್ರಗಳು ತೂಗಾಡುತ್ತಿದ್ದವು. ಎಲ್ಲ ಅಡುಗೆಮನೆಗಳಿಂದಲೂ ಅವರೆಕಾಯಿ ಬೇಯುವ ಸೊಗಡು. ಬೆಳಗಿನ ಮಂಜಿನಲ್ಲಿ, ಚಿನ್ನ ತೆಗೆದು ಉಳಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳು ಯಾರೋ ಬೂದಿಯನ್ನು ರಾಶಿ ಹಾಕಿದಂತೆ ಬೆಳ್ಳಗೆ ಕಾಣುತ್ತಿದ್ದವು. ಆ ವರ್ಷ ಚಾಂಪಿಯನ್ ರೀಫ್ಸ್‌ನ ಮೈದಾನಕ್ಕೆ ಒಂದು ಎಕ್ಸಿಬಿಷನ್ ಬಂದಿತ್ತು. ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವವನು, ಅಂಕುಡೊಂಕು ಕನ್ನಡಿಗಳು, ಸುತ್ತುವ ಮರದ ಕುದುರೆಗಳು. ಎಲ್ಲಕ್ಕಿಂತ ಎತ್ತರದಲ್ಲಿ ಕರೆಂಟಿನಿಂದ ತಿರುಗುವ ದೊಡ್ಡ ತೊಟ್ಟಿಲುಗಳ ಚಕ್ರ. ನಮ್ಮ ಕಡೆ ಅದಕ್ಕೆ ರಾಟ್ನ ಎನ್ನುತ್ತಿದ್ದರು. ಬಂಗಾರಪೇಟೆಯಿಂದ ಜನ ಬುತ್ತಿ ಕಟ್ಟಿಕೊಂಡು ರೈಲು ಹತ್ತುತ್ತಿದ್ದರು. ನಾನಂತೂ ಓದು ಮುಗಿದ ಖುಷಿಯಲ್ಲಿ ವಾರಕ್ಕೆರಡು ಸಲ ಏನಾದರೊಂದು ನೆಪ ಹುಡುಕುತ್ತಿದ್ದೆ.

ಫೋಟೋದ ಆಸೆ ಹುಟ್ಟಿದ್ದು ಅಮ್ಮನ ತಮ್ಮ ಮುನಿಯಪ್ಪ ಮಾವನಿಗೆ. ಮಾವ ಹುಡುಗನಾಗಿದ್ದಾಗಿನಿಂದ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಳಗಿಳಿಯುತ್ತಿದ್ದವರು. ಆ ಸಂಕ್ರಾಂತಿಗೆ ಅವರ ಕೆಲಸ ಮುಗಿಯುವುದಿತ್ತು. ಒಂದು ಭಾನುವಾರ ನಮ್ಮ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಾ ಅಂದರು: "ಅಲ್ಲಾ ರಾಮು, ಇಷ್ಟು ವರ್ಷ ಈ ಊರನ್ನ ಕೆಳಗಿಂದ ನೋಡಿವ್ನಿ. ಮೇಲಿಂದ ಎಂಗದೆ ಅಂತ ಗೊತ್ತೇ ಇಲ್ಲ. ಆ ರಾಟ್ನದ ಮೇಲಿಂದ ಒಂದು ಫೋಟ ತೆಗೀಲಾ. ಗೋಡೆಗೆ ಆಕ್ಕೊಂಡು ನೋಡ್ತಾ ಕೂತಿರ್ತೀನಿ."

"ಮೈದಾನದಾಗೆ ನಿಂತು ತೆಗೀಬಾರ್ದಾ?" ಅಂದಳು ಅಮ್ಮ.

"ಮೈದಾನ ನಾನು ನೋಡಿಲ್ವೇನಕ್ಕಯ್ಯಾ?"

ಅಮ್ಮ ಮೂರು ದಿನ ಒಪ್ಪಲಿಲ್ಲ. ಕೊನೆಗೆ ತಮ್ಮನ ಮುಖ ನೋಡಿ ಒಂದು ಷರತ್ತು ಹಾಕಿದಳು. "ಪೆಟ್ಟಿಗೆಗೆ ಏನೂ ಆಗದಂಗೆ ಮೇಲೆ ಏರ್ಸೋದು, ಅಂಗೇ ಇಳ್ಸೋದು. ಅದರ ಜವಾಬ್ದಾರಿ ನಿಂದು, ಮುನಿಯಪ್ಪಾ."

ಮಾವನಿಗೆ ಅದೇನು ದೊಡ್ಡ ಕೆಲಸ? ದಿನಾ ಮರದ ದಿಮ್ಮಿ, ಕಬ್ಬಿಣದ ಕೊಳವೆಗಳನ್ನು ಭೂಮಿಯೊಳಗೆ ಇಳಿಸುವವರು. ಜನ ಇಳಿಯುವ ಬೋನಿಗೆ ಅವರೆಲ್ಲ ಕೇಜು ಎನ್ನುತ್ತಿದ್ದರು. ಆ ಕೇಜಿನ ನಿಯಮ ಒಂದಿತ್ತು: ಸಾಮಾನು ಇದ್ದಾಗ ಮನುಷ್ಯ ಹತ್ತಬಾರದು, ಮನುಷ್ಯ ಇದ್ದಾಗ ಸಾಮಾನು ಹಾಕಬಾರದು. ಸಾಮಾನು ಉರುಳಿದರೆ ಮನುಷ್ಯನಿಗೆ ಪೆಟ್ಟು, ಮನುಷ್ಯ ಗಾಬರಿಯಾದರೆ ಸಾಮಾನಿಗೆ ಪೆಟ್ಟು. ಇದು ಗಣಿಯವರಿಗೆ ರಕ್ತದಲ್ಲೇ ಇತ್ತು. ಹಾಗಾಗಿ ಮಾವ ಯೋಚನೆಯನ್ನೇ ಮಾಡದೆ ತೀರ್ಮಾನ ಕೊಟ್ಟರು. ಕ್ಯಾಮೆರಾಕ್ಕೆ ಒಂದು ತೊಟ್ಟಿಲು. ನಮಗೆ ಅದರ ಹಿಂದಿನ ತೊಟ್ಟಿಲು.

ಅಣ್ಣನಿಗೂ ಅದು ಸರಿಯೆನಿಸಿತು. ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವುದಕ್ಕೆ ಅವನ ಬಳಿ ಉದ್ದನೆಯ ರಬ್ಬರ್ ಕೊಳವೆ ಇತ್ತು. ಅದರ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ರಬ್ಬರ್ ಬುರುಡೆ. ದೂರದಿಂದ ಅದನ್ನು ಒತ್ತಿದರೆ ಗಾಳಿ ಹೋಗಿ ಚಿತ್ರ ಬೀಳುತ್ತಿತ್ತು. ಮದುವೆ ಗುಂಪಿನಲ್ಲಿ ಅವನೂ ನಿಲ್ಲಬೇಕಾದಾಗ ಬಳಸುತ್ತಿದ್ದ. ಕೊಳವೆಯನ್ನು ಹಿಂದಿನ ತೊಟ್ಟಿಲವರೆಗೆ ತರಬಹುದು, ಕ್ಯಾಮೆರಾ ತುದಿಗೆ ಹೋದಾಗ ರಾಟ್ನ ನಿಲ್ಲಿಸಲು ಹೇಳಿ ಒತ್ತಿಬಿಡಬಹುದು ಎಂದ. ರಾಟ್ನದ ಯಜಮಾನ ಸುಬ್ಬಯ್ಯ ಕಡಪದ ಕಡೆಯವನು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಹೊಟ್ಟೆ. "ಪೆಟ್ಟೆಕಿ ಕೂಡಾ ಟಿಕೆಟ್ಟಾ!" ಎಂದು ನಗುತ್ತಲೇ ಪೆಟ್ಟಿಗೆಗೂ ಒಂದು ಟಿಕೇಟು ಹರಿದುಕೊಟ್ಟ.

ಮಾವ ಕ್ಯಾಮೆರಾದ ಮೂರೂ ಕಾಲುಗಳನ್ನು ತೊಟ್ಟಿಲ ಬೆಂಚಿಗೆ, ಗಣಿಯಲ್ಲಿ ದಿಮ್ಮಿಗೆ ಹಾಕುವಂಥ ಗಂಟು ಹಾಕಿ ಕಟ್ಟಿದರು. ಎಳೆದು ನೋಡಿದರು, ಒದ್ದು ನೋಡಿದರು. ಅಲುಗಲಿಲ್ಲ. ಸುತ್ತ ನಿಂತಿದ್ದ ಅವರ ಜೊತೆಗಾರರು ತಲೆಯಾಡಿಸಿ ಮೆಚ್ಚಿಕೊಂಡರು. ಅಷ್ಟು ಜನ ಗಣಿಯವರಲ್ಲಿ ಒಬ್ಬರಿಗೂ ಹೊಳೆಯದ ಸಂಗತಿಯೆಂದರೆ, ದಿಮ್ಮಿಗೆ ತಲೆ ಎನ್ನುವುದು ಇರುವುದಿಲ್ಲ. ಕ್ಯಾಮೆರಾದ ಭಾರವೆಲ್ಲ ತಲೆಯಲ್ಲೇ. ಆ ತಲೆ ಕಾಲುಗಳ ಮೇಲೆ ನಿಂತಿದ್ದದ್ದು ಒಂದೇ ಒಂದು ತಿರುಪಿನ ಆಧಾರದಿಂದ.

ಅಮ್ಮ ಕರಿಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕೆಳಗೆ ನಿಂತಳು. ಅಣ್ಣ, ಮಾವ, ನಾನು ಹಿಂದಿನ ತೊಟ್ಟಿಲು ಹತ್ತಿದೆವು. ಉಳಿದ ತೊಟ್ಟಿಲುಗಳನ್ನು ಖಾಲಿ ಬಿಡಿಸಿದ್ದೆವು. ರಾಟ್ನ ಮೆಲ್ಲನೆ ಏರಿತು. ಮಾವ ಬಾಗಿಲಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. "ಇದೇನ್ ಮಾವ, ಪಾತಾಳಕ್ಕೆ ಇಳಿಯೋರು ಹೆದರ್ತೀರಾ?" ಅಂದೆ. "ಸುಮ್ಕಿರಮ್ಮಿ. ಅಲ್ಲಿ ಕತ್ಲು. ಏನೂ ಕಾಣಾಕಿಲ್ಲ. ಇಲ್ಲಿ ಎಲ್ಲಾ ಕಾಣ್ತದೆ" ಅಂದರು. ಆಮೇಲೆ ಅಣ್ಣ ಗಡಿಯಾರ ನೋಡಿದ.

ನೆಲದ ಆ ಗುಡುಗು ಊರಿನವರಿಗೆ ಹೊಸದಲ್ಲ. ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಮಾವನ ಮನೆಯ ನಾಗಂದಿಗೆಯಲ್ಲಿ ಲೋಟಗಳು ಬೀಳದಂತೆ ಅತ್ತೆ ಅಡ್ಡಲಾಗಿ ಒಂದು ದಾರ ಕಟ್ಟಿಯೇ ಇಟ್ಟಿದ್ದರು. ಗುಡುಗು ಕೇಳಿದರೆ ಎಲ್ಲರೂ ಒಂದು ಗಳಿಗೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಕೆಳಗೆ ಅನಾಹುತವಾಗಿದ್ದರೆ ಗಣಿಯ ಸಂಗು, ಅಂದರೆ ಸೈರನ್, ಕೂಗುತ್ತದೆ. ಕೂಗದಿದ್ದರೆ ಬಿಟ್ಟ ಮಾತನ್ನೇ ಮುಂದುವರಿಸುತ್ತಿದ್ದರು. ಅವತ್ತೂ ಇಡೀ ಮೈದಾನ ಕಿವಿಗೊಟ್ಟಿತು. ಸಂಗು ಕೂಗಲಿಲ್ಲ. ಮಾವ ಉಸಿರು ಬಿಟ್ಟು, "ಏನಿಲ್ಲ, ಏನಿಲ್ಲ" ಅಂದರು.

ಆದರೆ ಸುಬ್ಬಯ್ಯ ಊರಿಗೆ ಹೊಸಬ. ಭೂಕಂಪವಾಯಿತೆಂದು ಸ್ವಿಚ್ಚು ಆರಿಸಿ, "ಅಯ್ಯಯ್ಯೋ ದೇವುಡಾ!" ಎನ್ನುತ್ತಾ ಡೇರೆಯಲ್ಲಿದ್ದ ಹೆಂಡತಿಯ ಕಡೆಗೆ ಓಡಿಬಿಟ್ಟಿದ್ದ.

ರಾಟ್ನ ಗಕ್ಕನೆ ನಿಂತ ರಭಸಕ್ಕೆ ಕ್ಯಾಮೆರಾದ ತೊಟ್ಟಿಲು ಜೋರಾಗಿ ತೂಗಿತು. ರಬ್ಬರ್ ಕೊಳವೆ ನಡುವಿನ ಕಬ್ಬಿಣದ ತೋಳಿನ ಬೋಲ್ಟಿಗೆ ಸಿಕ್ಕಿಕೊಂಡಿತು. ಅಣ್ಣ ಬುರುಡೆಯನ್ನು ಕೈಬಿಟ್ಟರೂ ಪ್ರಯೋಜನವಾಗಲಿಲ್ಲ. ತೊಟ್ಟಿಲು ಆಚೆಗೆ ತೂಗಿದಾಗಲೆಲ್ಲ ಬಿಗಿಯಾದ ಕೊಳವೆ ಕ್ಯಾಮೆರಾದ ಮೂತಿಯನ್ನು ಈಚೆಗೆ ಎಳೆಯುತ್ತಿತ್ತು. ಕಾಲುಗಳು ಕದಲಲಿಲ್ಲ. ಮಾವನ ಗಂಟು ಅಂಥದ್ದು. ತಲೆ ಮಾತ್ರ ಇಷ್ಟಿಷ್ಟೇ ವಾಲತೊಡಗಿತು. ಗಾಳಿ ಬೀಸಿದಾಗ ಕೆಂಪು ಚರ್ಮದ ತಿದಿ ಉಬ್ಬಿ ಇಳಿಯುತ್ತಿತ್ತು. ಅದು ಉಸಿರಾಡುತ್ತಿದೆಯೇನೋ ಅನ್ನಿಸಿತು ನನಗೆ.

"ಆ ಬೋಲ್ಟಿಂದ ಬಿಡಿಸಿ ಬತ್ತೀನಿ" ಎಂದ ಅಣ್ಣ. ನಾವು ಹಿಡಿಯುವಷ್ಟರಲ್ಲಿ ತೊಟ್ಟಿಲಿನಿಂದ ಹೊರಗಿದ್ದ.

ಈ ಭಾಗವನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಅವನ ಬರಿಗಾಲು ಕಬ್ಬಿಣದ ತೋಳಿನ ಮೇಲೆ. ಹಿಮ್ಮಡಿ ಒಡೆದು ಬಿಳಿಚಿಕೊಂಡಿತ್ತು. ಪಂಚೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಅದರ ಆಚೆಗೆ ಬರೀ ಗಾಳಿ, ಗಾಳಿಯ ಕೆಳಗೆ ಕಡಲೆಕಾಯಿ ಮಾರುವವಳ ಬುಟ್ಟಿ ಒಂದು ಬೊಟ್ಟಿನಷ್ಟು. ಬೋಲ್ಟಿನಿಂದ ಕೊಳವೆ ಬಿಡಿಸಿದ. ಅಲ್ಲಿಂದಲೇ ವಾಪಸು ಬರಬಹುದಿತ್ತು. ಆದರೆ ತಿರುಪು ಕಿರ್ ಎಂದದ್ದು ನನಗೂ ಕೇಳಿಸಿತು. ಅವನು ಮೇಲಕ್ಕೇ ಹೋದ.

ಕೆಳಗಿನಿಂದ ಅಮ್ಮನ ಧ್ವನಿ ಬಂತು. ಪೆಟ್ಟಿಗೆಯ ಮೇಲೆ ನೆರಳು ಬಿದ್ದರೂ ಸಹಿಸದಿದ್ದ ಅಮ್ಮ. "ಓದ್ರೆ ಓಗ್ಲಿ ಬಿಡೋ ರಾಮು! ಪೆಟ್ಟಿಗೆ ಬೀಳ್ಲಿ, ಬಿಡೋ! ನೀನು ಕಂಬಿ ಇಡ್ಕೋ!" ಎಂದು ಕೂಗುತ್ತಿದ್ದಳು. ಕರಿಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲಿಸಿ, ತಲೆ ಮೇಲೆತ್ತಿ, ರಾಟ್ನದ ಸುತ್ತ ಅತ್ತಿತ್ತ ಓಡುತ್ತಿದ್ದಳು. ಅಷ್ಟಗಲದ ಬಟ್ಟೆಯಲ್ಲಿ ಮಗನನ್ನೂ ಕ್ಯಾಮೆರಾವನ್ನೂ ಹಿಡಿಯುತ್ತೇನೆಂಬ ಧೈರ್ಯ.

ಅಣ್ಣ ಮುಂದಿನ ತೊಟ್ಟಿಲನ್ನು ಮುಟ್ಟಿದ. ಒಂದು ಕಾಲು ಅದರೊಳಗೆ, ಒಂದು ಕಾಲು ಇನ್ನೂ ಕಬ್ಬಿಣದ ಮೇಲೆ. ಎಡಗೈಯಲ್ಲಿ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡ. ಸರಿಯಾಗಿ ಆಗಲೇ ಸುಬ್ಬಯ್ಯ ಡೇರೆಯಿಂದ ವಾಪಸು ಬಂದ. ಜನ ಅವನ ಓಟ ನೋಡಿ ನಗುತ್ತಿದ್ದರಂತೆ. ಆ ನಾಚಿಕೆಯಲ್ಲಿ ತಲೆ ಎತ್ತಿಯೂ ನೋಡದೆ ಸ್ವಿಚ್ಚು ಒತ್ತಿಬಿಟ್ಟ.

ರಾಟ್ನ ಒಂದು ಸಲ ಎಗರಿತು. ಅಣ್ಣನ ಕಾಲು ಜಾರಿದ್ದು ಕಂಡಿತು.

ನಾನು ಕಿರುಚಿದೆ. ಮಾವ ಕಿರುಚಲಿಲ್ಲ. ನಮ್ಮ ತೊಟ್ಟಿಲಿನ ಬಾಗಿಲಿಗೆ ಹಾಕಿದ್ದ ಕಬ್ಬಿಣದ ಅಗುಳಿಯನ್ನು ಸರಕ್ಕನೆ ಕಿತ್ತುಕೊಂಡು ರಾಟ್ನದ ಕಂಬಿಗೆ ಒಂದೇ ಒಂದು ಪೆಟ್ಟು ಹೊಡೆದರು. ಠಣ್!

ಗಣಿಯ ಕೇಜಿಗೆ ಗಂಟೆಯ ಭಾಷೆ ಇರುತ್ತದೆ. ಓಡುತ್ತಿರುವಾಗ ಒಂದು ಬಡಿತವೆಂದರೆ ನಿಲ್ಲಿಸು. ಎರಡು ಬಡಿತವೆಂದರೆ ಇಳಿಸು. ಮೂರೆಂದರೆ ಒಳಗೆ ಜನ ಇದ್ದಾರೆ, ಮೆಲ್ಲಗೆ. ಸುಬ್ಬಯ್ಯನಿಗೆ ಅದು ಗೊತ್ತಿರಲಿಲ್ಲ. ಆದರೆ ಮೈದಾನದಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು. ಟೀ ಕುಡಿಯುತ್ತಿದ್ದವರು, ಕನ್ನಡಿಯಲ್ಲಿ ತಮ್ಮ ಸೊಟ್ಟ ಮುಖ ನೋಡಿ ನಗುತ್ತಿದ್ದವರು, ಶಿಫ್ಟು ಮುಗಿಸಿ ಮನೆಗೆ ಹೊರಟವರು, ಆ ಒಂದು ಶಬ್ದಕ್ಕೆ ಅಷ್ಟೂ ಜನ ಒಟ್ಟಿಗೆ ತಿರುಗಿದರು. ಯಾರೂ ಯಾರಿಗೂ ಹೇಳಲಿಲ್ಲ. ಟೀ ಲೋಟಗಳು ನೆಲಕ್ಕೆ ಬಿದ್ದವು. ಇಪ್ಪತ್ತೋ ಮೂವತ್ತೋ ಜನ ರಾಟ್ನದ ಅಂಚಿಗೆ ನೇತುಬಿದ್ದು ಅದನ್ನು ತಡೆದು ನಿಲ್ಲಿಸಿಬಿಟ್ಟರು. ಒಬ್ಬರು ಸುಬ್ಬಯ್ಯನನ್ನು ಪಕ್ಕಕ್ಕೆ ದೂಡಿ ಸ್ವಿಚ್ಚು ಆರಿಸಿದರು. "ಏಮಯ್ಯಾ, ಬೆಲ್ಟು ತೆಗಿಪೋತುಂದಿ!" ಎಂದು, ಯಂತ್ರದ ಬೆಲ್ಟು ಹರಿದೀತೆಂಬ ಚಿಂತೆಯಲ್ಲಿ ಅವನು ಬಾಯಿ ಬಡಿದುಕೊಂಡ. "ಬೆಲ್ಟು ಪೋನಾ ಪೋಗಟ್ಟುಂ, ಮೇಲೆ ನೋಡಯ್ಯಾ!" ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಯಾರೋ ಗದರಿದರು. ಅವನು ಆಗ ಮೇಲೆ ನೋಡಿದ. ನೋಡಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಆ ನಿಂತ ಗಳಿಗೆಯಲ್ಲಿ ಅಣ್ಣ ಇನ್ನೊಂದು ಕಾಲನ್ನೂ ಒಳಗೆ ಎಳೆದುಕೊಂಡು, ಕ್ಯಾಮೆರಾವನ್ನು ತಬ್ಬಿಕೊಂಡೇ ತೊಟ್ಟಿಲೊಳಗೆ ಬಿದ್ದ. ಅವನ ಎರಡು ಪಾದಗಳು ಮಾತ್ರ ಅಂಚಿನ ಮೇಲೆ ಕಾಣುತ್ತಿದ್ದವು. ಮಾವ ಆ ಪಾದಗಳನ್ನೇ ನೋಡುತ್ತಾ ಕಂಬಿಗೆ ಮೂರು ಸಲ ಬಡಿದರು. ಸ್ವಲ್ಪ ತಡೆದು ಎರಡು ಸಲ. ಕೆಳಗಿನವರು ರಾಟ್ನವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸತೊಡಗಿದರು. "ಮೆದುವಾ… ಮೆದುವಾ…" ಎಂದು ಒಬ್ಬರು ರಾಗ ಎಳೆದರು. ಉಳಿದವರು ಅದಕ್ಕೆ ಸರಿಯಾಗಿ ಕೈ ಬದಲಿಸುತ್ತಿದ್ದರು. ಅಗುಳಿ ಕಿತ್ತಿದ್ದರಿಂದ ನಮ್ಮ ತೊಟ್ಟಿಲಿನ ಬಾಗಿಲು ಹಾರುಹೊಡೆದು ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಮಾವನ ಷರಟನ್ನು ಹಿಡಿದುಕೊಂಡಿದ್ದೆ. ಇಳಿದ ಮೇಲೆ ನೋಡಿದರೆ ಅದರ ಒಂದು ತೋಳು ನನ್ನ ಕೈಯಲ್ಲಿತ್ತು.

ಅಣ್ಣನ ತೊಟ್ಟಿಲು ನೆಲಕ್ಕೆ ಬಂತು. ಅಮ್ಮ ಅವನು ಎದ್ದು ನಿಲ್ಲುವುದನ್ನು ಕಾದಳು. ನಿಂತ ಮೇಲೆ ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಕ್ಯಾಮೆರಾದ ತೇಗದ ಬೆನ್ನಿಗೂ ಒಂದು ಬಿಟ್ಟಳು. ಆಮೇಲೆ ಇಬ್ಬರನ್ನೂ ಕರಿಬಟ್ಟೆಯೊಳಗೆ ಸೇರಿಸಿ ತಬ್ಬಿಕೊಂಡು ಅತ್ತಳು. ಮೈದಾನವೆಲ್ಲ ಶಿಳ್ಳೆ ಹೊಡೆಯಿತು. ಟೀ ಅಂಗಡಿಯವನು ಬಿದ್ದ ಲೋಟಗಳನ್ನೆಲ್ಲ ಮರೆತು ಎಲ್ಲರಿಗೂ ಮತ್ತೆ ಟೀ ಕೊಟ್ಟ.

ಸುಬ್ಬಯ್ಯ ಮಾವನ ಬಳಿ ಬಂದು ತನ್ನ ಮುರುಕು ಕನ್ನಡದಲ್ಲಿ ಕೇಳಿದ. "ಅಯ್ಯಾ, ಇಕ್ಕಡ ನೆಲ ದಿನಾ ಹಿಂಗೆ ಊಗ್ತದಾ?"

"ದಿನಾ ಯಾಕಾಯ್ತದೆ? ಆವಾಗೊಮ್ಮೆ ಈವಾಗೊಮ್ಮೆ."

"ಮತ್ತೆ ನಿದ್ದೆ ಎಟ್ಲಾ ಮಾಡ್ತಾರೆ?"

"ತೂಗಿದ್ರೆ ಚೆನ್ನಾಗಿ ಬತ್ತದೆ, ತೊಟ್ಲು ಇದ್ದಂಗೆ" ಅಂದರು ಮಾವ. ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ.

ನಿದ್ದೆ ಬರಲಿಲ್ಲ, ನಮಗೆ ಯಾರಿಗೂ. ಅಂದಿನಿಂದ ಎಷ್ಟೋ ರಾತ್ರಿ ಅಣ್ಣ ನಿದ್ದೆಗಣ್ಣಲ್ಲಿ ಎರಡೂ ಕೈಯಿಂದ ಚಾಪೆಯ ಅಂಚು ಹಿಡಿದುಕೊಳ್ಳುತ್ತಿದ್ದ. ಅಮ್ಮ ಎದ್ದು ಮೊದಲು ಅವನ ಕಾಲು ಮುಟ್ಟಿ, ಆಮೇಲೆ ಪೆಟ್ಟಿಗೆ ಮುಟ್ಟಿ ಬಂದು ಮಲಗುತ್ತಿದ್ದಳು. ಕಣ್ಣು ಮುಚ್ಚಿದರೆ ನನಗೆ ಆ ಒಡೆದ ಹಿಮ್ಮಡಿ ಕಾಣುತ್ತಿತ್ತು. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ತಿರುಪನ್ನು ಬಿಗಿ ಮಾಡಿಸಿ ಅಣ್ಣ ಮರುದಿನವೇ ಒಂದು ನಾಮಕರಣಕ್ಕೆ ಹೋಗಿಬಂದ. ಆದರೆ ಮಾವ ಬಂಗಾರಪೇಟೆ ಕಡೆಗೆ ತಲೆ ಹಾಕಲಿಲ್ಲ. ನಾವೇ ಅವರ ಮನೆಗೆ ಹೋದೆವು. ಅತ್ತೆ, "ಇವ್ರು ಕೆಳಗೆ ಏನೇನೋ ನೋಡ್ಕಂಡು ಬಂದು ಗೊರಕೆ ಒಡೀತಿದ್ರು. ಈಗ ಕೂತೇ ಇರ್ತಾರೆ" ಅಂದರು.

"ಕೆಳಗೆ ಆದ್ರೆ ನಂಗೇ ಏನಾದ್ರೂ ಆಯ್ತದೆ ಅಕ್ಕಯ್ಯಾ. ಅದು ಬೇರೆ" ಎಂದರು ಮಾವ, ಅಮ್ಮನ ಮುಖ ನೋಡದೆ. "ನಿನ್ನ ಮಗ ಬೀಳೋದನ್ನ ನಾನು ನೋಡ್ತಾ ಕೂತಿರೋದು ಬೇರೆ. ಆ ಫೋಟನೂ ಬ್ಯಾಡ, ಏನೂ ಬ್ಯಾಡ."

ಎದುರು ಸಾಲಿನ ಮನೆಯ ಮೆಟ್ಟಿಲ ಮೇಲೆ ಒಬ್ಬಾಕೆ ಕೂಸನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಅಮ್ಮ ಬಹಳ ಹೊತ್ತು ಅವಳನ್ನೇ ನೋಡಿದಳು. ನೋಡಿ, "ಏಳ್ರೋ" ಅಂದಳು. "ರಾಟ್ನ ಇನ್ನೂ ಅದೆ ತಾನೆ? ನಾಳೆ ಓಗಿ ಆ ಫೋಟ ತಕ್ಕೊಂಡು ಬರಾನ. ಈ ಸಲ ನಾನು ಏರ್ತೀನಿ."

ಮರುದಿನ ಸುಬ್ಬಯ್ಯ ನಮ್ಮನ್ನು ದೂರದಿಂದಲೇ ನೋಡಿ ಕೈಮುಗಿದ. "ಪೆಟ್ಟೆ ವದ್ದಮ್ಮಾ, ಬ್ಯಾಡ!" ಎಂದು ಅಡ್ಡ ನಿಂತ. ಅಮ್ಮ ಅವನನ್ನು ದಾಟಿ ಹೋಗಿ ತೊಟ್ಟಿಲಲ್ಲಿ ಕುಳಿತಳು. ಹುಟ್ಟಿದಾಗಿನಿಂದ ಅವಳು ರಾಟ್ನ ಹತ್ತಿದವಳಲ್ಲ. "ಕೊಡು" ಎಂದು ಎರಡೂ ಕೈ ಚಾಚಿದಳು. ಅಣ್ಣ ಮೂರು ಕಾಲುಗಳನ್ನು ಕೆಳಗೇ ಬಿಟ್ಟು, ತಲೆಯನ್ನು ಮಾತ್ರ ತಂದು ಅವಳ ಮಡಿಲಲ್ಲಿಟ್ಟ. ನಾನು ಕೂಸಾಗಿದ್ದಾಗ ನನ್ನನ್ನು ಸುತ್ತಿ ಎತ್ತಿಕೊಳ್ಳುತ್ತಿದ್ದ ಹಳೆಯ ಹತ್ತಿಸೀರೆಯೊಂದನ್ನು ಅಮ್ಮ ತಂದಿದ್ದಳು. ಅದರಿಂದ ಪೆಟ್ಟಿಗೆಯನ್ನು ತನ್ನ ಸೊಂಟಕ್ಕೆ, ಬೆನ್ನಿನಿಂದ ಸುತ್ತಿ ತಂದು ಹೊಟ್ಟೆಯ ಮೇಲೆ ಬಿಗಿದು ಕಟ್ಟಿಸಿಕೊಂಡಳು. ಒಂದು ಪಕ್ಕದಿಂದ ಹಿತ್ತಾಳೆಯ ಮೂತಿ, ಇನ್ನೊಂದು ಪಕ್ಕದಿಂದ ಅಣ್ಣ ನೋಡಬೇಕಾದ ಗಾಜಿನ ಬೆನ್ನು ಮಾತ್ರ ಹೊರಗೆ ಇಣುಕುತ್ತಿದ್ದವು.

ಮಾವ ಹತ್ತದೆ ನಿಂತೇ ಇದ್ದರು. "ಅಕ್ಕಯ್ಯಾ, ಮನುಷ್ಯರ ಜತೆ ಸಾಮಾನು ಏರ್ಸಬಾರ್ದು. ಅದು ನಮ್ಮ…"

"ಇದು ಸಾಮಾನು ಅಂತ ಯಾರ್ಲಾ ಏಳಿದ್ದು?" ಅಂದಳು ಅಮ್ಮ.

ಮಾವ ತಲೆ ಕೆರೆದುಕೊಂಡರು. ಸುತ್ತ ನಿಂತಿದ್ದ ಜೊತೆಗಾರರ ಮುಖ ನೋಡಿದರು. ಅವರಲ್ಲೊಬ್ಬರು, "ಅಕ್ಕ ಸರಿಯಾಗೇ ಏಳ್ತಾವ್ರೆ, ಏರು ಮುನಿಯಪ್ಪಾ" ಅಂದರು. ಮಾವ ಹತ್ತಿದರು. ಅಮ್ಮ, ಅವಳ ಪಕ್ಕ ಅಣ್ಣ, ಎದುರಿಗೆ ಮಾವ ಮತ್ತು ನಾನು. ಕ್ಯಾಮೆರಾವನ್ನೂ ಸೇರಿಸಿ ಐವರು. ಇನ್ನು ಹೊರಡಬೇಕು ಅನ್ನುವಾಗ ಕೆಳಗಿನಿಂದ ಠಣ್ ಠಣ್ ಠಣ್ ಎಂದಿತು. ನೋಡಿದರೆ ಸುಬ್ಬಯ್ಯ. ಆ ದಿನಗಳಲ್ಲಿ ಊರಿನವರು ಅವನಿಗೆ ಗಂಟೆಯ ಭಾಷೆ ಕಲಿಸಿಬಿಟ್ಟಿದ್ದರು. ಕಬ್ಬಿಣದ ಸರಳೊಂದನ್ನು ಹಿಡಿದು, ಎದೆಯುಬ್ಬಿಸಿ, ಒಳಗೆ ಜನ ಇದ್ದಾರೆಂದು ತಾನೇ ಬಡಿಯುತ್ತಿದ್ದ. ಮಾವ ಅಂದು ಮೊದಲ ಸಲ ನಕ್ಕರು.

ಮೇಲೇರುತ್ತಿದ್ದಂತೆ ಅಮ್ಮ ಪೆಟ್ಟಿಗೆಗೆ, "ಇಗೋ, ಇಷ್ಟೇ, ಇಷ್ಟೇ" ಎಂದು ಮೆಲ್ಲಗೆ ಹೇಳುತ್ತಿದ್ದಳು. ಸಮಾಧಾನ ಮಾಡುತ್ತಿದ್ದದ್ದು ಅದನ್ನೋ ತನ್ನನ್ನೋ ತಿಳಿಯದು. ತುದಿಯಲ್ಲಿ ರಾಟ್ನ ನಿಂತಿತು. ಅಣ್ಣ ಕರಿಬಟ್ಟೆಯೊಳಗೆ ತಲೆ ತೂರಿಸಿ ನೋಡಿ ಹೊರಗೆ ಬಂದ. "ಅಮ್ಮಾ, ನೀನು ಉಸಿರಾಡಿದ್ರೆ ಊರೆಲ್ಲ ಮೇಲೆ ಕೆಳಗೆ ಆಯ್ತದೆ. ಒಂದು ಗಳಿಗೆ ಬಿಗಿ ಇಡ್ಕೋ."

ಅಮ್ಮ ಉಸಿರು ಬಿಗಿ ಹಿಡಿದಳು. ಅವಳ ಜೊತೆ ನಾವೂ ಹಿಡಿದೆವು. ಗಾಳಿಯೂ ನಿಂತಂತಿತ್ತು. ಅಣ್ಣ ಬುರುಡೆ ಒತ್ತಿದ. ಕಟಕ್ ಎಂದಿತು. ಅಮ್ಮ ಉಸಿರು ಬಿಟ್ಟಳು. ಬಿಟ್ಟ ಮೇಲೆ ನಗು ಶುರುವಾಯಿತು, ನಿಲ್ಲಲೇ ಇಲ್ಲ. ಹೊಟ್ಟೆಯ ಮೇಲೆ ಕಟ್ಟಿಕೊಂಡ ಕ್ಯಾಮೆರಾವೂ ಅವಳ ನಗುವಿಗೆ ಕುಣಿಯುತ್ತಿತ್ತು. ಮಾವ ಮಾತ್ರ ನಮ್ಮನ್ನು ನೋಡುತ್ತಿರಲಿಲ್ಲ. ಕಣ್ಣು ತೆರೆದುಕೊಂಡು ಸುತ್ತಲೂ ನೋಡುತ್ತಿದ್ದರು. ಬಿಳಿಯ ದಿಬ್ಬಗಳು, ಗಣಿಗೆ ಇಳಿಯುವ ಶಾಫ್ಟಿನ ಮೇಲೆ ನಿಂತ ಕಬ್ಬಿಣದ ಗೋಪುರದಲ್ಲಿ ಸುತ್ತುವ ಗಾಲಿಗಳು, ಹೊಗೆ ಬಿಡುತ್ತಾ ಮಾರಿಕುಪ್ಪಂ ಕಡೆಗೆ ಹೋಗುತ್ತಿದ್ದ ರೈಲು, ಸಾಲುಮನೆಗಳ ಹೆಂಚಿನ ಮೇಲೆ ಒಣಗುತ್ತಿದ್ದ ಸೀರೆಗಳು. "ಇಷ್ಟೇ ಇಷ್ಟಗಲ ಅದೆಯಲ್ಲಮ್ಮಿ ನಮ್ಮೂರು" ಎಂದರು. "ಕೆಳಗೆ ಬಲು ದೊಡ್ಡದದೆ."

ಮಾವ ಅವತ್ತು ಮನೆಗೆ ಹೋಗಲಿಲ್ಲ. ಚಿತ್ರ ನೋಡಿಯೇ ಹೋಗುತ್ತೇನೆಂದು ನಮ್ಮ ಜೊತೆ ಬಂಗಾರಪೇಟೆಗೆ ಬಂದರು. ದೀಪ ಹಚ್ಚುವ ಹೊತ್ತಿಗೆ ಅಣ್ಣ ಪ್ಲೇಟನ್ನು ತೊಳೆದು, ನೀರು ಸೋರುತ್ತಿದ್ದ ಗಾಜನ್ನು ಲಾಂದ್ರದ ಮುಂದೆ ಹಿಡಿದ. ಅದು ಇನ್ನೂ ನೆಗೆಟಿವ್. ಆಕಾಶ ಕಪ್ಪು, ದಿಬ್ಬಗಳು ಕಪ್ಪು, ನೆರಳುಗಳೆಲ್ಲ ಬೆಳಕು.

"ಅಯ್ಯೋ, ಇದು ಕೆಳಗಿದ್ದಂಗೇ ಅದೆಯಲ್ಲೋ!" ಎಂದು ಮಾವ ಉದ್ಗರಿಸಿದರು. ನಕ್ಕು ನಕ್ಕು ಅಣ್ಣನ ಕೈಯಲ್ಲಿ ಗಾಜು ನಡುಗಿತು. "ನಾಳೆ ಬಿಸಿಲಿಗೆ ಹಿಡಿದು ಕಾಗದದ ಮೇಲೆ ಇಳಿಸಿದ್ರೆ ಬೆಳ್ಳಗಾಯ್ತದೆ, ಮಾವ" ಅಂದ. ಒಂದು ಮೂಲೆಯಲ್ಲಿ ಅಮ್ಮನ ಹೆಬ್ಬೆರಳೂ ಬಿದ್ದಿತ್ತು. ಅಣ್ಣ ಅದನ್ನು ಕತ್ತರಿಸಿಬಿಡುತ್ತೇನೆ ಅಂದ. "ಕೈಯಿಕ್ಕಿದ್ರೆ ನೋಡು!" ಎಂದರು ಮಾವ. ಆಮೇಲೆ ಚಿತ್ರದಲ್ಲಿ ಶಾಫ್ಟಿನ ಗೋಪುರವನ್ನು ಹುಡುಕಿ, ಅದರ ಬುಡಕ್ಕೆ ಬೆರಳಿಟ್ಟರು. ಬೆರಳನ್ನು ಅಲ್ಲಿಂದ ನೇರ ಕೆಳಕ್ಕೆ ತಂದರು. ಗಾಜಿನ ಅಂಚು ದಾಟಿತು, ಅಣ್ಣನ ಮೊಣಕೈ ದಾಟಿತು, ಮೇಜು ದಾಟಿತು. ನೆಲದ ಹತ್ತಿರ, ಬರೀ ಗಾಳಿಯಲ್ಲಿ ಬೆರಳು ನಿಲ್ಲಿಸಿ, "ನಾನಿದ್ದದ್ದು ಇಲ್ಲಿ" ಅಂದರು.

ಅವರೆಕಾಳಿನ ಸಾರು, ಮುದ್ದೆ ಉಂಡೆವು. ಅಮ್ಮ ಪೆಟ್ಟಿಗೆಯನ್ನು ಎಂದಿನಂತೆ ಮೂಲೆಯಲ್ಲಿಟ್ಟಳು. ಸೊಂಟಕ್ಕೆ ಸುತ್ತಿದ್ದ ಹತ್ತಿಸೀರೆಯನ್ನು ಅದರ ಮೇಲೇ ಹೊದಿಸಿ ಬಂದು ಮಲಗಿದಳು. ಆಮೇಲೆ ಏನಾಯಿತೋ ನನಗೆ ತಿಳಿಯದು. ಅಣ್ಣ ಚಾಪೆಯ ಅಂಚು ಹಿಡಿದುಕೊಂಡನೋ, ಅಮ್ಮ ಎದ್ದಳೋ, ಮೊದಲ ರೈಲು ಯಾವಾಗ ಕೂಗಿತೋ, ಹೇಳುವುದಕ್ಕೆ ಯಾರಿಗೂ ಎಚ್ಚರವಿರಲಿಲ್ಲ. ಕಿಟಕಿಯಿಂದ ಬಿಸಿಲು ಅಡುಗೆಮನೆಯವರೆಗೆ ಬಂದಾಗ ಹಾಲಿನವನು ಬೀದಿಬಾಗಿಲನ್ನು ಮೂರು ಸಲ ಬಡಿದ. ಯಾರೂ ಏಳಲಿಲ್ಲ. ಮತ್ತೆ ಮೂರು ಸಲ ಬಡಿದ. ಕಂಬಳಿಯೊಳಗಿಂದ, ಕಣ್ಣು ಬಿಡದೆಯೇ, ಮಾವನ ಧ್ವನಿ ಬಂತು.

"ಊಂ, ಜನ ಅವ್ರೆ. ಎಲ್ಲಾ ಒಳಗೇ ಅವ್ರೆ."